ಇಂಗುವ ನೆಲ ಮತ್ತು ನಿತ್ಯಕರ್ಮ

ಒಬ್ಬ ಗೃಹಸ್ಥನ ನಿವೇಶನದ ಮೇಲೆ ಬಿದ್ದ ಮಳೆ ಯಾರದು ಎಂಬುದು ಮೇಲ್ನೋಟಕ್ಕೆ ಕಾನೂನಿನ ಪ್ರಶ್ನೆಯಂತೆ ಕಂಡರೂ ಅದರ ಬೇರಿರುವುದು ಧರ್ಮಜಿಜ್ಞಾಸೆಯಲ್ಲಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಒಂದು ಲೀಟರ್ ನೀರಾಗುವುದರಿಂದ, 30x40 ಅಡಿಯ ಒಂದು ನಿವೇಶನಕ್ಕೆ ವರ್ಷದಲ್ಲಿ ಒಂದು ಲಕ್ಷ ಲೀಟರಿಗೂ ಮಿಕ್ಕಿ ನೀರು ಬೀಳುತ್ತದೆ. ಕಟ್ಟಡ ಬಿಟ್ಟು ಉಳಿದ ಅಂಗಳಕ್ಕೂ ಕಾಂಕ್ರೀಟು ಸುರಿದಾಗ ಈ ನೀರಿನ ಬಹುಪಾಲು ಮಣ್ಣನ್ನು ಮುಟ್ಟದೆಯೇ ಬೀದಿಗೆ, ಬೀದಿಯಿಂದ ರಾಜಕಾಲುವೆಗೆ, ಕಾಲುವೆ ಉಕ್ಕಿದ ದಿನ ತಗ್ಗಿನಲ್ಲಿರುವವರ ಮನೆಯೊಳಕ್ಕೆ ಹರಿಯುತ್ತದೆ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉತ್ತರಗಳಲ್ಲೊಂದು ನೀರಿಂಗುವ ನೆಲಹಾಸು, ಅಂದರೆ ತನ್ನ ಮೇಲೆ ಬಿದ್ದ ನೀರನ್ನು ಹರಿಯಗೊಡದೆ ಕೆಳಕ್ಕೆ ಬಿಟ್ಟುಕೊಡುವ ನೆಲ. ಇದರ ಒಂದು ಬಗೆಯಲ್ಲಿ ಕಾಂಕ್ರೀಟಿಗೆ ಮರಳನ್ನು ಬಹುಮಟ್ಟಿಗೆ ಬಿಟ್ಟು ಜಲ್ಲಿಯ ನಡುವೆ ಸಂದುಗಳನ್ನು ಉಳಿಸಲಾಗುತ್ತದೆ. ಇನ್ನೊಂದರಲ್ಲಿ ಬಿಲ್ಲೆಗಳನ್ನು ಗಾರೆಯಿಲ್ಲದೆ ಜೋಡಿಸಿ, ನಡುವಿನ ಸಂದಿಗೆ ಸಣ್ಣ ಜಲ್ಲಿ ತುಂಬಿ, ಅಡಿಯಲ್ಲಿ ದಪ್ಪ ಜಲ್ಲಿಯ ಹಾಸು ಕೊಡಲಾಗುತ್ತದೆ. ಮಳೆ ಮೊದಲು ಆ ಹಾಸಿನಲ್ಲಿ ತಂಗಿ, ಬಳಿಕ ನಿಧಾನವಾಗಿ ಮಣ್ಣಿಗೆ ಇಳಿಯುತ್ತದೆ. ಭಾರಿ ಲಾರಿಗಳು ಓಡಾಡುವ ರಸ್ತೆಗೆ ಇದು ಒಗ್ಗುವುದಿಲ್ಲ, ಜೇಡಿಮಣ್ಣಿನ ನೆಲದಲ್ಲಿ ಅಡಿಯಲ್ಲೊಂದು ಕೊಳವೆಯನ್ನೂ ಇಡಬೇಕಾಗುತ್ತದೆ; ಆದರೆ ಅಂಗಳ, ಕಾಲುದಾರಿ, ವಾಹನ ನಿಲ್ಲಿಸುವ ಜಾಗಗಳಿಗೆ ಇದು ಸಾಕು.

ಹೀಗೆ ನೀರನ್ನು ಮಣ್ಣಿಗೆ ಬಿಡುವುದು ಕೇವಲ ಅನುಕೂಲವೋ ಅಥವಾ ಕರ್ತವ್ಯವೋ? ಗೃಹಸ್ಥನಿಗೆ ವಿಧಿಸಿದ ಪಂಚಮಹಾಯಜ್ಞಗಳಲ್ಲಿ ಒಂದಾದ ಭೂತಯಜ್ಞವು ಕಾಗೆ, ನಾಯಿ, ಇರುವೆಗಳಿಗೂ ಅನ್ನದಲ್ಲಿ ಪಾಲಿದೆಯೆಂದು ಒಪ್ಪುತ್ತದೆ. ಅನ್ನದಲ್ಲಿ ಪಾಲಿರುವ ಜೀವಕ್ಕೆ ನೀರಿನಲ್ಲಿ ಪಾಲಿಲ್ಲವೆನ್ನುವುದು ಸಾಧ್ಯವಿಲ್ಲ. ಕಾಂಕ್ರೀಟಿನಡಿಯ ಮಣ್ಣಿನಲ್ಲಿ ಎರೆಹುಳುವಿದೆ, ಪಕ್ಕದ ಹೊಂಗೆಮರದ ಬೇರಿದೆ, ಬಾವಿಗೆ ಊರುವ ಸೆಲೆಯಿದೆ. ಭಗವದ್ಗೀತೆಯ ಮೂರನೆಯ ಅಧ್ಯಾಯವು ಮಳೆಯಿಂದ ಅನ್ನ, ಅನ್ನದಿಂದ ಜೀವಿಗಳು ಎಂದು ಒಂದು ಚಕ್ರವನ್ನು ನಿರೂಪಿಸಿ, ಅದನ್ನು ಮುಂದುವರಿಸದವನ ಬದುಕನ್ನು ವ್ಯರ್ಥವೆಂದು ಕರೆದಿರುವುದೂ ಇಲ್ಲಿ ನೆನೆಯತಕ್ಕದ್ದು.

ಹಿಂದಿನವರು ಜಲಕಾರ್ಯವನ್ನು ಪೂರ್ತಧರ್ಮವೆಂದು, ಅಂದರೆ ಕೆರೆ ಬಾವಿ ತೋಡಿಸಿ ತೋಪು ನೆಡಿಸುವ ಲೋಕೋಪಕಾರದ ಪುಣ್ಯವೆಂದು ಬಗೆದರು. ಸಪ್ತಸಂತಾನಗಳಲ್ಲಿ ಮಗನ ಜೊತೆಗೆ ಕೆರೆಯನ್ನೂ ಎಣಿಸಿದರು. ಒಂದನೆಯ ಬುಕ್ಕನ ಮಗ ಭಾಸ್ಕರನು ಕಟ್ಟಿಸಿದ ಕೆರೆಯನ್ನು ವರ್ಣಿಸುವ 1369ರ ಪೋರುಮಾಮಿಳ್ಳ ಶಾಸನದಂತಹವುಗಳಲ್ಲಿ ಆ ಪುಣ್ಯ ಕಲ್ಲಿನ ಮೇಲೆ ಹೆಸರಾಗಿ ನಿಂತಿದೆ. ಇಂಗುವ ನೆಲಕ್ಕೆ ಅಂತಹ ಶಾಸನವಿಲ್ಲ. ಅದು ಇಂಗಿಸಿದ ನೀರು ಯಾರ ಬಾವಿಯಲ್ಲಿ ಮೇಲೆದ್ದಿತೆಂದು ಹೇಳಲಾಗದು, ಅದರಿಂದ ತಪ್ಪಿದ ನೆರೆಯನ್ನು ಯಾರೂ ಕಾಣುವುದಿಲ್ಲ. ಆದ್ದರಿಂದ ಇದನ್ನು ಮೀಮಾಂಸಕರು ಹೇಳುವ ನಿತ್ಯಕರ್ಮದ ಸಾಲಿಗೆ ಸೇರಿಸುವುದು ಹೆಚ್ಚು ಸರಿ: ಮಾಡಿದರೆ ವಿಶೇಷ ಫಲವೆಂಬುದಿಲ್ಲ, ಬಿಟ್ಟರೆ ಪ್ರತ್ಯವಾಯ, ಅಂದರೆ ದೋಷ, ಅಂಟಿಕೊಳ್ಳುತ್ತದೆ ಎಂಬ ಬಗೆಯ ಕರ್ಮವಿದು. ಬಿಲ್ಲೆಗಳ ಸಂದಿನಲ್ಲಿ ಧೂಳು, ಎಲೆಯ ಚೂರು, ಹೂಳು ಸೇರಿ ಗಟ್ಟಿಯಾದರೆ ಕೆಲವೇ ವರ್ಷಗಳಲ್ಲಿ ಇಂಗುವ ನೆಲವೂ ಬರಿಯ ಕಾಂಕ್ರೀಟೇ ಆಗುತ್ತದೆ. ಅದನ್ನು ಗುಡಿಸಿ, ಹೀರಿ ತೆಗೆದು, ಹೊಸ ಜಲ್ಲಿ ತುಂಬುವ ಕೆಲಸ ನಿತ್ಯಪೂಜೆಯಂತೆ ಮುಗಿಯದೆ ಇರುವಂಥದು.

ಬೆಂಗಳೂರು ಈ ದೋಷಕ್ಕೆ ಕಣ್ಣೆದುರಿನ ಸಾಕ್ಷಿ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ಆಚರಣೆ ಮಾತ್ರ ಇಂದಿಗೂ ಸಂಪಂಗಿ ಕೆರೆಯ ಹೆಸರನ್ನು ಬಿಟ್ಟಿಲ್ಲ. ನಗರ ಮರೆತ ನೀರನ್ನು ಸಂಪ್ರದಾಯ ನೆನೆಯುತ್ತಿದೆ. ಆ ನೆನಪು ವರ್ಷಕ್ಕೊಮ್ಮೆ ಬರುತ್ತದೆ, ಮಳೆಯಾದರೋ ತಿಂಗಳುಗಟ್ಟಲೆ ಸುರಿಯುತ್ತದೆ. ಹೋದ ಕೆರೆಗಳನ್ನು ಅಂಗಳಗಳು ಮರಳಿ ತರಲಾರವು, ಆದರೂ ಇಂಗಬೇಕಾದ ನೀರಿಗೆ ದಾರಿ ಕೊಡಬಲ್ಲವು. ಅಂಗಳಕ್ಕೆ ಸಿಮೆಂಟು ಹಾಕಿಸಲು ಹೊರಟವರು ಈ ಮುಂಗಾರಿಗೆ ಮುನ್ನವೇ ಮೇಸ್ತ್ರಿಯನ್ನು ಕರೆದು, ಕಲ್ಲುಗಳ ನಡುವೆ ಗಾರೆ ತುಂಬದೆ ಸಂದು ಬಿಡುವಂತೆ ಹೇಳಬೇಕು.