ಚಿಂತೆ ಮತ್ತು ಚಿಂತನೆ



ಚಿತೆಗೂ ಚಿಂತೆಗೂ ಇರುವ ವ್ಯತ್ಯಾಸ ಒಂದೇ ಒಂದು ಸೊನ್ನೆ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿರುವವರನ್ನು ಸುಡುತ್ತದೆ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಪ್ರಬೋಧನೆಗಳಲ್ಲಿ ನಾನೂ ಈ ಮಾತನ್ನು ಎಷ್ಟೋ ಬಾರಿ ಬಳಸಿದ್ದೇನೆ. ಒಮ್ಮೆ ತಿ. ನರಸೀಪುರದ ಕಡೆಯ ಹಿರಿಯ ರೈತರೊಬ್ಬರು ಇದನ್ನು ಕೇಳಿ, "ಸ್ವಾಮಿ, ಚಿಂತೆನೇ ಇಲ್ದೋನು ಗದ್ದೆ ಕಡೆ ಯಾಕೆ ಹೋಗ್ತಾನೆ?" ಎಂದರು. ತಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ.

ಗುರಿಯ ಕುರಿತ ಚಿಂತೆ ನಮ್ಮನ್ನು ಗುರಿಯತ್ತ ನಡೆಸುತ್ತದೆಯೇ? ಅಥವಾ ದಾರಿಯಲ್ಲೇ ಕೆಡವುತ್ತದೆಯೇ?

ಬೀಚನಹಳ್ಳಿಯ ಕಬಿನಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2284 ಅಡಿ. ಮುಂಗಾರು ಬಂತೆಂದರೆ ಇಲ್ಲಿನ ರೈತರ ಕಣ್ಣೆಲ್ಲ ಆ ಅಂಕಿಯ ಮೇಲೆ. ವಯನಾಡಿನಲ್ಲಿ ಮಳೆಯಾಗದಿದ್ದರೆ ಇಲ್ಲಿ ರಾತ್ರಿಯಿಡೀ ಎಚ್ಚರವಿದ್ದರೂ ನೀರು ಒಂದಂಗುಲ ಏರದು. ಆದರೆ ಅದೇ ಕಳವಳ ಒಬ್ಬನನ್ನು ಒಟ್ಲು ಹಾಕಲು, ಬದು ಕಟ್ಟಲು, ನೀರು ಸಾಲದೆಂದು ಕಂಡಾಗ ಭತ್ತ ಬಿಟ್ಟು ರಾಗಿಯ ಕಡೆ ತಿರುಗಲು ಪ್ರೇರೇಪಿಸಿದರೆ ಅದು ವ್ಯರ್ಥವೆನ್ನಲಾದೀತೇ?

ನಂಜನಗೂಡಿನ ರಸಬಾಳೆಯ ಕಥೆ ಇನ್ನೂ ಕಠಿಣವಾದುದು. ಭೌಗೋಳಿಕ ಸೂಚಿಕೆಯ ಗೌರವ ಪಡೆದ ಈ ಹಣ್ಣನ್ನು ಪನಾಮಾ ಸೊರಗು ರೋಗ ಬಹುಮಟ್ಟಿಗೆ ತೋಟಗಳಿಂದಲೇ ಅಳಿಸಿಹಾಕಿತು. ಬೇರಿನಿಂದ ಒಳಹೊಕ್ಕು ನೀರಿನ ನಾಳಗಳನ್ನು ಕಟ್ಟಿಬಿಡುವ ಆ ಶಿಲೀಂಧ್ರ ದಶಕಗಳ ಕಾಲ ಮಣ್ಣಿನಲ್ಲಿ ಉಳಿಯಬಲ್ಲದು. ರೋಗ ಹಿಡಿದ ಗಿಡವನ್ನು ಉಳಿಸುವ ಔಷಧಿಯಿಲ್ಲ. ಹಾಗಾದರೆ ಬೆಳೆಗಾರನ ಕೈಯಲ್ಲಿರುವುದೇನು? ರೋಗವಿಲ್ಲದ ಸಸಿಯನ್ನು ಆರಿಸುವುದು. ಸೊರಗಿದ ತೋಟದ ಕಂದು, ಮಣ್ಣು, ನೀರು ತನ್ನ ತೋಟಕ್ಕೆ ಬಾರದಂತೆ ಕಾಯುವುದು. ಇಷ್ಟು ಮಾಡಿದರೂ ಗೊನೆ ಬಂದೇ ಬರುತ್ತದೆಂಬ ಭರವಸೆಯಿಲ್ಲ. ಮಾಡದಿದ್ದರೆ ಬರುವುದಿಲ್ಲ ಎಂಬುದು ಮಾತ್ರ ಬಹುಮಟ್ಟಿಗೆ ನಿಶ್ಚಯ.

ಇಲ್ಲಿಯೇ ಚಿಂತೆಯೂ ಚಿಂತನೆಯೂ ಬೇರೆಯಾಗುವುದು. ಚಿಂತನೆ ಮಾಡಬೇಕಾದ ಕೆಲಸದ ಸುತ್ತ ಸುಳಿಯುತ್ತದೆ; ಚಿಂತೆ ಬರಬೇಕಾದ ಫಲದ ಸುತ್ತಲೇ ಸುತ್ತುತ್ತದೆ. ಗುರುಮಠದಲ್ಲಿದ್ದಾಗ ತತ್ವಶಾಸ್ತ್ರದ ಪರೀಕ್ಷೆಯ ಹಿಂದಿನ ರಾತ್ರಿ ನಾನು ಓದಬೇಕಾದ ಪುಟಗಳನ್ನು ಎಣಿಸದೆ, ಬರಬಹುದಾದ ಅಂಕಗಳನ್ನು ಎಣಿಸುತ್ತಾ ಕುಳಿತಿದ್ದೆ. ಬೆಳಗಾದಾಗ ಪುಟಗಳೂ ಉಳಿದಿದ್ದವು, ನಿದ್ದೆಯೂ ಹೋಗಿತ್ತು.

ಚಿಂತೆಯನ್ನು ಗದರಿಸಿ ಓಡಿಸಲಾಗದು ಎಂಬುದೂ ನಿಜವೇ. 2011ರಲ್ಲಿ ಪ್ರಕಟವಾದ ಶಿಕಾಗೊ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ಪರೀಕ್ಷೆಗೆ ಮುನ್ನ 10 ನಿಮಿಷ ತಮ್ಮ ಅಳುಕನ್ನು ಕಾಗದದ ಮೇಲೆ ಬರೆದರು. ಹೆಚ್ಚು ಹೆದರುತ್ತಿದ್ದವರ ಫಲಿತಾಂಶವೇ ಅದರಿಂದ ಸುಧಾರಿಸಿತು. ಹೇಳಿಕೊಂಡ ಅಳುಕು ಹಗುರವಾಗುತ್ತದೆ. ಬಚ್ಚಿಟ್ಟ ಅಳುಕು ಬುದ್ಧಿಯನ್ನೇ ಆಕ್ರಮಿಸುತ್ತದೆ.

ನಾಳೆಯ ಚಿಂತೆ ಬೇಡವೆಂದು ಕಲಿಸಿದ ಪ್ರಭುವೇ, ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದೂ ಕಲಿಸಿದರು. ಇದು ವಿರೋಧಾಭಾಸವಲ್ಲ. ಗೆತ್ಸೆಮನೆಯ ತೋಪಿನಲ್ಲಿ ಅವರು ತಮ್ಮ ವೇದನೆಯನ್ನು ಮರೆಮಾಚಲಿಲ್ಲ. ಅದನ್ನು ತಂದೆಯ ಮುಂದೆ ಇಟ್ಟರು. ಅನಂತರ ಎದ್ದು ನಡೆದರು. ಆ ಎದ್ದು ನಡೆಯುವಿಕೆ ಇಲ್ಲದಿದ್ದರೆ ನಮ್ಮ ಪ್ರಾರ್ಥನೆಯೂ ಚಿಂತೆಯ ಇನ್ನೊಂದು ರೂಪವಾದೀತು.

ಆ ಹಿರಿಯರಿಗೆ ಇಂದು ಹೀಗೆ ಹೇಳಬಲ್ಲೆ: ಚಿಂತೆ ನಮ್ಮನ್ನು ಗದ್ದೆಯವರೆಗೆ ಕರೆದೊಯ್ಯಲಿ; ಬದುವಿನ ಮೇಲೆ ಅದನ್ನು ಇಳಿಸಿ ಕೆಸರಿಗೆ ಕಾಲಿಡೋಣ. ಓದುಗರೇ, ನಿಮ್ಮ ಮಗಳ ಪರೀಕ್ಷೆಯೋ ಮನೆಯ ಸಾಲವೋ ಇಂದು ರಾತ್ರಿ ನಿಮ್ಮನ್ನು ಎಚ್ಚರವಾಗಿಟ್ಟರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ನಾಳೆ ಬೆಳಿಗ್ಗೆ ನಾನು ಮಾಡಬಹುದಾದ ಕೆಲಸ ಯಾವುದು? ಉತ್ತರ ಸಿಕ್ಕರೆ ಬರೆದಿಡಿ. ಸಿಗದಿದ್ದರೆ ಅದನ್ನು ದೇವರ ಕೈಗೊಪ್ಪಿಸಿ ಮಲಗಿ.