ಶಂಬೂಕ ಬದುಕಿದ ಮೇಲೆ

ಮೆಚ್ಚಿದ ಕಥೆಯೊಂದರ ಪಾತ್ರಗಳನ್ನು ಎತ್ತಿಕೊಂಡು ಓದುಗರೇ ಹೊಸ ಕಥೆ ಬರೆಯುವುದಕ್ಕೆ ಈಗ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಹೆಸರು ಹೊಸದು, ಕೆಲಸ ಹಳೆಯದು. ನಮ್ಮ ಮೈಸೂರಿನಲ್ಲೇ ಬಾಳಿದ ಕುವೆಂಪು ರಾಮಾಯಣವನ್ನೂ ಎಸ್.ಎಲ್. ಭೈರಪ್ಪ 'ಪರ್ವ'ದಲ್ಲಿ (1979) ಮಹಾಭಾರತವನ್ನೂ ಮತ್ತೆ ಬರೆದರು. ಹಾಗೆ ಬರೆಯಲು ಕೂತ ನನ್ನಂಥವರಿಗೂ ಅದೇ ಪ್ರಶ್ನೆ ಎದುರಾಗುತ್ತದೆ: ಹೇಗೂ ಬದಲಿಸುವುದೇ ಆದರೆ, ಮೂಲವನ್ನು ಮತ್ತೆ ಮತ್ತೆ ಓದುವುದೇಕೆ?

ಕುವೆಂಪು ಅವರ 'ಶೂದ್ರ ತಪಸ್ವಿ' (1944) ನಾಟಕವನ್ನೇ ನೋಡಿ. ಶೂದ್ರನ ತಪಸ್ಸಿನಿಂದಲೇ ತನ್ನ ಮಗ ಸತ್ತನೆಂದು ಬ್ರಾಹ್ಮಣನೊಬ್ಬ ರಾಮನಲ್ಲಿ ದೂರುತ್ತಾನೆ. ರಾಮ ಬಿಟ್ಟ ಅಸ್ತ್ರ ಶಂಬೂಕನನ್ನು ಮುಟ್ಟದೆ, ದೂರು ತಂದವನನ್ನೇ ಅಟ್ಟಿಸಿಕೊಂಡು ಬರುತ್ತದೆ. ಬ್ರಾಹ್ಮಣನ ಕಣ್ಣು ತೆರೆಯುತ್ತದೆ. ಅವನು ತಪಸ್ವಿಗೆ ತಲೆಬಾಗುತ್ತಾನೆ. ಪುರಾಣದ ಕಥೆಯನ್ನು ಹೀಗೆ ತಿರುಗಿಸಿದ್ದಕ್ಕೆ ಮಾಸ್ತಿಯವರು ಆಕ್ಷೇಪ ಎತ್ತಿದ್ದರು.

ನಾನು ಕುವೆಂಪು ಅವರ ಪಕ್ಷ. ಆದರೂ ನಾಟಕ ಓದಿದ ಮೇಲೆ ವಾಲ್ಮೀಕಿಯ ಉತ್ತರಕಾಂಡಕ್ಕೆ ಮರಳಿದರೆ ಒಂದು ವಿವರ ಎದೆಗೆ ನಾಟುತ್ತದೆ. ತಲೆಕೆಳಗಾಗಿ ತಪಸ್ಸು ಮಾಡುತ್ತಿದ್ದವನನ್ನು ರಾಮ ಯಾರೆಂದು ಕೇಳುತ್ತಾನೆ. ಅವನು ತನ್ನ ಹೆಸರನ್ನೂ ಜಾತಿಯನ್ನೂ ತಪಸ್ಸಿನ ಉದ್ದೇಶವನ್ನೂ ಮುಚ್ಚಿಡದೆ ಹೇಳುತ್ತಾನೆ. ತಾನು ಸುಳ್ಳಾಡುವವನಲ್ಲ ಎಂದೂ ಸೇರಿಸುತ್ತಾನೆ. ಅವನು ಮಾತಾಡುತ್ತಿರುವಾಗಲೇ ಖಡ್ಗ ಅವನ ತಲೆಯನ್ನು ತೆಗೆಯುತ್ತದೆ. ದೇವತೆಗಳು ಹೂಮಳೆ ಸುರಿಸುತ್ತಾರೆ.

'ಶಂಬೂಕನನ್ನು ರಾಮ ಕೊಂದ' ಎಂಬ ಒಂದು ಸಾಲಿನ ನೆನಪಿನಲ್ಲಿ ಈ ಯಾವುದೂ ಇಲ್ಲ. ನಿಜ ನುಡಿದವನು ನುಡಿಯುತ್ತಿದ್ದ ಹಾಗೆಯೇ ಸತ್ತ ಎಂಬುದು ತಿಳಿಯುವುದು ಮೂಲದಲ್ಲಿ ಮಾತ್ರ. ಉತ್ತರಕಾಂಡ ಆಮೇಲೆ ಸೇರಿದ್ದು ಎನ್ನುವ ವಿದ್ವಾಂಸರು ಹಲವರಿದ್ದಾರೆ. ಇರಬಹುದು. ಯಾರೇ ಬರೆದಿರಲಿ, ಆ ಕತ್ತಿಗೆ ಸಮರ್ಥನೆ ಒದಗಿಸುವ ಕಥೆಯಾಗಿ ಅದು ಉಳಿದುಬಂದಿದೆ.

ಇಲ್ಲಿಯೇ ಮರುಬರಹದ ನೈತಿಕ ತೊಡಕು. ಸತ್ತವನನ್ನು ನಾವು ಬದುಕಿಸಿದಾಗ ಅನ್ಯಾಯವನ್ನು ಪ್ರತಿಭಟಿಸುತ್ತೇವೆ, ನಿಜ. ಹಳೆಯ ಕಥೆಯೇ ಮರೆತುಹೋದರೆ ಆ ಅನ್ಯಾಯವನ್ನು ಅಳಿಸಿಯೂ ಬಿಡುತ್ತೇವೆ. ಅಸ್ತ್ರ ಹಿಂದಿರುಗಿದಾಗ ನಾವು ಬೆಚ್ಚುವುದು, ಅದು ಒಮ್ಮೆ ಹಿಂದಿರುಗಿರಲಿಲ್ಲ ಎಂದು ಗೊತ್ತಿರುವುದರಿಂದ. ಕುವೆಂಪು ತಮ್ಮ ಓದುಗರಿಗೆ ಅದು ಗೊತ್ತಿದೆ ಎಂದು ನಂಬಬಹುದಿತ್ತು. 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಸೀತೆಯೊಡನೆ ರಾಮನೂ ಬೆಂಕಿಗೆ ಇಳಿಯುವಾಗಲೂ ಅಷ್ಟೆ. ಆಕೆಯೊಬ್ಬಳೇ ಇಳಿದ ಕಥೆ ಗೊತ್ತಿದ್ದವರಿಗೇ ಅದರ ತೂಕ. ಧಾರಾವಾಹಿಗಳಿಂದ ರಾಮಾಯಣ ತಿಳಿದ ಇಂದಿನ ಓದುಗರ ಬಗ್ಗೆ ಅದೇ ನಂಬಿಕೆ ಇಟ್ಟುಕೊಳ್ಳುವುದು ಕಷ್ಟ.

ಆದ್ದರಿಂದ ಮೂಲಕ್ಕೆ ಹೋಗುವುದು ಅಪ್ಪಣೆ ಕೇಳಲು ಅಲ್ಲ. ಬದಲಿಸುವ ಹಕ್ಕು ಬರೆಯುವವರಿಗೆ ಇದ್ದೇ ಇದೆ. ಮೂಲ ಕವಿಯ ಮಾತೇ ಕೊನೆಯದಾಗಬೇಕೆಂದೂ ಇಲ್ಲ. ನನಗೆ ಋಣ ಅನ್ನಿಸುವುದು ಆ ಪಾತ್ರದ್ದು. ಅವನಿಗೆ ಹೊಸ ಬಾಳು ಕೊಡುವ ಮೊದಲು, ಅವನಿಂದ ಕಸಿದದ್ದು ಏನು ಎಂದು ಸರಿಯಾಗಿ ತಿಳಿದಿರಬೇಕು. ಇಲ್ಲವಾದರೆ ನಾವು ಬದುಕಿಸಿದ ಶಂಬೂಕನಿಗೆ ಮಾತೇ ಇರುವುದಿಲ್ಲ. ಮೂಲದಲ್ಲಿ, ಸಾಯುವ ಮುನ್ನ, ಅವನಿಗೆ ಅದಾದರೂ ಇತ್ತು.