ಕಾಯುವುದರ ಬಡ್ಡಿ

(ಚಿತ್ರದುರ್ಗದ ಜೆ.ಸಿ.ಆರ್. ಬಡಾವಣೆಯಲ್ಲಿ ಒಂದು ಹಳೆಯ ಮನೆ. ಕಟ್ಟಿಸಿದ ತಂದೆ ಇಲ್ಲ, ತಾಯಿಯೂ ಇಲ್ಲ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಮಗ ಹೊಳಲ್ಕೆರೆ ಕಡೆ ಅಡಿಕೆ ತೋಟ ಮಾಡಿಕೊಂಡಿದ್ದಾನೆ. ಆಷಾಢಕ್ಕೆ ಮುಂಚೆ ಗೇಟಿಗೆ ಕಟ್ಟಿದ 'ಮಾರಾಟಕ್ಕಿದೆ' ಬೋರ್ಡು ದೀಪಾವಳಿ ಕಳೆದರೂ ಹಾಗೇ ಇದೆ. ಹಿರಿಯೂರಿನಲ್ಲಿ ಬಹುಕಾಲ ಪತ್ರ ಬರಹಗಾರರಾಗಿದ್ದ ಸೋದರಮಾವ ಬಂದಿದ್ದಾರೆ.)

ತಮ್ಮ: ಇವತ್ತು ಬಂದವರು ಹೊಸದುರ್ಗದವರು ಮಾವ. ಗಂಡ ಹೆಂಡತಿ ಇಬ್ಬರೂ ಸ್ಕೂಲಲ್ಲಿ ಪಾಠ ಹೇಳುವವರು. ಮಕ್ಕಳ ಓದಿಗೆ ದುರ್ಗದಲ್ಲಿ ಮನೆ ಬೇಕಂತೆ. ನಲ್ಲಿ ತಿರುಗಿಸಿದರು, ಗೋಡೆ ತಟ್ಟಿದರು, ಬಾಗಿಲು ದಕ್ಷಿಣಕ್ಕಿದೆಯಲ್ಲ ಅಂತ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ನಲವತ್ತೈದು ಲಕ್ಷ ಅಂದರು.

ಅಕ್ಕ: ಐವತ್ತೆಂಟಕ್ಕೆ ಒಂದು ರೂಪಾಯಿ ಕಡಿಮೆಯಿಲ್ಲ ಅಂದೆ. ಆ ಹೆಂಗಸು ಅಡುಗೆಮನೆಯಲ್ಲಿ ನಿಂತು, ಈ ಗೋಡೆ ಒಡೆದು ಹಾಲ್‌ಗೆ ಸೇರಿಸಬಹುದು ಅಂದರು. ಅಮ್ಮ ಜೀವನವೆಲ್ಲ ನಿಂತು ಬೇಯಿಸಿದ ಜಾಗ. ನನಗೆ ತಡೆದುಕೊಳ್ಳಲು ಆಗಲಿಲ್ಲ.

ಮಾವ: ನೋವಾಗುವ ಮಾತೇ. ಆದರೆ ನಿಜವಾಗಿ ಕೊಳ್ಳುವವರು ಹಾಗೇ ಮಾತಾಡುತ್ತಾರೆ ಕಣಮ್ಮ. ಎಲ್ಲ ಚೆನ್ನಾಗಿದೆ ಅಂತ ಹೊಗಳಿ ಕಾಫಿ ಕುಡಿದು ಹೋದವರು ತಿರುಗಿ ಬರುವುದಿಲ್ಲ. ಯಾವ ಗೋಡೆ ಒಡೆಯಬೇಕು ಅಂತ ಲೆಕ್ಕ ಹಾಕುವವಳು ಮನಸ್ಸಿನಲ್ಲಿ ಆಗಲೇ ಇಲ್ಲಿ ಸಂಸಾರ ಹೂಡಿದ್ದಾಳೆ. ಅದಿರಲಿ, ಐವತ್ತೆಂಟು ಎಲ್ಲಿಂದ ಬಂತು?

ಅಕ್ಕ: ಹಿಂದಿನ ಬೀದಿಯಲ್ಲಿ ಇಂಥದೇ ಮನೆ ಅರವತ್ತಕ್ಕೆ ಹೋಯಿತಂತೆ. ಬ್ರೋಕರ್ ಹೇಳಿದ.

ಮಾವ: ಹೋಯಿತಂತೆ! ಬೀದಿಯಲ್ಲಿ ಹೇಳುವ ಬೆಲೆ, ಅಗ್ರಿಮೆಂಟಿನ ಬೆಲೆ, ಕ್ರಯಪತ್ರದ ಬೆಲೆ ಮೂರೂ ಒಂದೇ ಆಗಿದ್ದನ್ನು ನಾನು ಕಂಡದ್ದು ಅಪರೂಪ. ನಿನ್ನ ಮನೆ ತನ್ನ ಕೈಗೆ ಬರಲಿ ಅಂತ ಅವನು ದೊಡ್ಡ ಸಂಖ್ಯೆ ಹೇಳಿದ. ನೀನು ಅದನ್ನು ಅಪ್ಪನ ಹೆಸರಿನ ಜೊತೆ ಸೇರಿಸಿಕೊಂಡೆ. ಈಗ ಯಾರಾದರೂ ನಲವತ್ತೈದು ಅಂದರೆ ಅಪ್ಪನನ್ನೇ ಕಡಿಮೆ ಅಂದಹಾಗೆ ಕೇಳಿಸುತ್ತದೆ.

ಅಕ್ಕ: ಅಪ್ಪ ಪಿ.ಎಫ್. ತೆಗೆದು, ಅಮ್ಮನ ಬಳೆ ಮಾರಿ ಕಟ್ಟಿಸಿದ್ದು. ಆ ಕಷ್ಟಕ್ಕೆ ಬೆಲೆ ಇಲ್ಲವಾ?

ಮಾವ: ಇದೆ. ಆ ಬೆಲೆ ಯಾವಾಗಲೋ ಬಂದಿದೆ. ನೀವಿಬ್ಬರೂ ಈ ಸೂರಿನ ಕೆಳಗೆ ಬೆಳೆದಿರಿ, ಓದಿದಿರಿ, ಅಮ್ಮ ಕೊನೆಯ ದಿನದವರೆಗೆ ಬಾಡಿಗೆಯ ಚಿಂತೆಯಿಲ್ಲದೆ ಇದ್ದಳು. ಅದನ್ನು ಹೊಸದುರ್ಗದವರು ಇನ್ನೊಂದು ಸಲ ಕೊಡಬೇಕು ಅಂದರೆ ಹೇಗೆ? ಅವರು ಕೊಡುವುದು ತಾವು ಬಾಳಲಿರುವ ವರ್ಷಗಳಿಗೆ.

ಅಕ್ಕ: ಹಾಗಾದರೆ ಮನೆಗೆ ತನ್ನದೇ ಅಂತ ಒಂದು ಬೆಲೆಯೇ ಇಲ್ಲ ಅನ್ನುತ್ತೀರಾ? ಸರ್ಕಾರವೇ ಮಾರ್ಗಸೂಚಿ ದರ ಅಂತ ಇಟ್ಟಿದೆಯಲ್ಲ?

ಮಾವ: ಅದು ಮುದ್ರಾಂಕ ಶುಲ್ಕ ವಸೂಲಿಗೆ ಇಟ್ಟ ಕನಿಷ್ಠ ಲೆಕ್ಕ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲೆಲ್ಲ ಏರಿಸಿದರು. ದರ ಏರಿತು ಅಂತ ಕೊಳ್ಳುವವರ ಜೇಬು ತುಂಬಲಿಲ್ಲವಲ್ಲ! ನೋಡು, ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ ಎಷ್ಟು ಬರ! ಹಿರಿಯೂರು, ಹೊಸದುರ್ಗದ ತೆಂಗಿನ ತೋಟಗಳು ಸುಳಿ ಒಣಗಿ ನಿಂತಾಗ ಜಮೀನು ನೋಡಲು ಬಂದವನ ಕಣ್ಣು ಬೇರೆ, ಕೋಡಿ ಬಿದ್ದ ವರ್ಷ ಬಂದವನ ಕಣ್ಣು ಬೇರೆ. ಮಣ್ಣು ಅದೇ. ಇಬ್ಬರು ಒಪ್ಪಿದ ದಿನ ಬೆಲೆ ಹುಟ್ಟುತ್ತದೆ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಆಸೆ.

ತಮ್ಮ: ಆಸೆ ಇಟ್ಟುಕೊಂಡು ಕಾಯುವುದು ಅಕ್ಕನಿಗೆ ಸುಲಭ ಮಾವ. ನಾನು ತೋಟಕ್ಕೆ ಬೋರ್ ಹಾಕಿಸಲು ಹೆಂಡತಿಯ ಒಡವೆ ಅಡವಿಟ್ಟಿದ್ದೇನೆ. ತಿಂಗಳು ಬಂದರೆ ಬಡ್ಡಿ. ಇಲ್ಲಿ ಬೀಗ ಹಾಕಿದ ಮನೆಗೆ ಕಂದಾಯ, ಕಿಟಕಿ ಚೌಕಟ್ಟಿಗೆ ಗೆದ್ದಲು. ರಾತ್ರಿ ನಿದ್ದೆ ಬರುವುದಿಲ್ಲ.

ಅಕ್ಕ: ಇದನ್ನು ನೀನು ಯಾವತ್ತೂ ಹೇಳಲಿಲ್ಲ.

ತಮ್ಮ: ನೀನು ಅಪ್ಪನ ಹೆಸರು ತೆಗೆದ ಮೇಲೆ ನಾನು ಬಡ್ಡಿಯ ಮಾತು ಹೇಗೆ ತೆಗೆಯಲಿ?

ಅಕ್ಕ: ಆದರೂ ಮಾವ, ಅವಸರ ತೋರಿಸಿದರೆ ಕೊಳ್ಳುವವರು ಇನ್ನೂ ಇಳಿಸುತ್ತಾರೆ. ನಾನು ಗಟ್ಟಿಯಾಗಿ ನಿಂತು ಐದು ಲಕ್ಷ ಹೆಚ್ಚು ಬಂದರೆ ಇವನಿಗೂ ಅರ್ಧ ಹೋಗುತ್ತದೆ. ತಾಳ್ಮೆ ತಪ್ಪಾ?

ಮಾವ: ತಪ್ಪಲ್ಲ. ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತಿದೆ ಅಂತ ಕೇಳು. ಮನೆ ಅಪ್ಪನ ಸ್ವಯಾರ್ಜಿತ, ಉಯಿಲು ಬರೆದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗನಿಗೂ ಮಗಳಿಗೂ ಸಮಪಾಲು. ಮನೆ ಸಮಪಾಲು ಆದಮೇಲೆ ಕಾಯುವ ಕಷ್ಟವೂ ಸಮಪಾಲಾಗಬೇಕಲ್ಲ? ಈಗ ನಡೆಯುತ್ತಿರುವುದು ಏನು? ಹೆಚ್ಚು ಬಂದರೆ ಲಾಭ ಇಬ್ಬರಿಗೂ, ಬಾರದಿದ್ದರೆ ಬಡ್ಡಿ ಇವನೊಬ್ಬನಿಗೆ. ಇಂಥ ಕರಾರನ್ನು ಯಾರಾದರೂ ನನ್ನ ಮುಂದೆ ತಂದಿದ್ದರೆ ನಾನು ಬರೆದುಕೊಡುತ್ತಿರಲಿಲ್ಲ.

(ಅಕ್ಕ ಉತ್ತರ ಕೊಡಲಿಲ್ಲ. ಮಾವ ತಮ್ಮನ ಕಡೆ ತಿರುಗಿದರು.)

ಮಾವ: ಈ ಮನೆಯ ಬೋರಿನ ಬಗ್ಗೆ ಹೊಸದುರ್ಗದವರು ಕೇಳಿದರಾ?

ತಮ್ಮ: ಕೇಳಿದರು. ನೀರು ಚೆನ್ನಾಗಿದೆ ಅಂದೆ.

ಮಾವ: ಏಪ್ರಿಲ್‌ನಲ್ಲಿ?

ತಮ್ಮ: ಏಪ್ರಿಲ್‌ನಲ್ಲಿ ನಿಂತುಹೋಗುತ್ತದೆ. ಅದನ್ನು ಹೇಳಿದರೆ ಇನ್ನೆರಡು ಲಕ್ಷ ಇಳಿಸುತ್ತಾರೆ ಮಾವ.

ಮಾವ: ಆ ಎರಡು ಲಕ್ಷ ನಿನ್ನದಾಗಿದ್ದರೆ ತಾನೇ ಇಳಿಯುವುದು? ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ದೋಷವನ್ನು ಮಾರುವವನು ತಾನಾಗಿ ತಿಳಿಸಬೇಕು ಅಂತ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲೇ ಇದೆ. ಕಾನೂನು ಬಿಡು. ಹೊಸದುರ್ಗದವರು ಅವರು, ನೀರಿಲ್ಲದ ಬೇಸಿಗೆ ಅಂದರೆ ಏನು ಅಂತ ಗೊತ್ತಿರುವ ಜನ. ವಾಣಿವಿಲಾಸದ ನೀರು, ಶಾಂತಿಸಾಗರದ ನೀರು ನಲ್ಲಿಗೆ ಬರುತ್ತದೆ, ಸಂಪು ದೊಡ್ಡದಿದೆ, ಬೋರನ್ನು ನಂಬಬೇಡಿ ಅಂತ ಹೇಳು. ನಿಜ ಹೇಳಿದವನ ಮಿಕ್ಕ ಮಾತನ್ನೂ ನಂಬುತ್ತಾರೆ.

ತಮ್ಮ: ಇನ್ನೊಂದು ಪಾರ್ಟಿ ಐವತ್ತು ಕೊಡುತ್ತೇನೆ ಅಂದಿತ್ತು. ಪತ್ರದಲ್ಲಿ ಮೂವತ್ತು ತೋರಿಸಿ, ಮಿಕ್ಕದ್ದು ನಗದು.

ಮಾವ: ಬೇಡ. 2015ರಿಂದ ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡಷ್ಟೇ ದಂಡ ಬೀಳಬಹುದು. ಅಪ್ಪನ ಹೆಸರಿಗಾಗಿ ಇಷ್ಟು ತಲೆ ಕೆಡಿಸಿಕೊಂಡವರು ಅವರ ಮನೆಯ ಕೊನೆಯ ಪತ್ರದಲ್ಲಿ ಸುಳ್ಳು ಬರೆಸುತ್ತೀರಾ? ಅದಕ್ಕಿಂತ ಆ ಹೊಸದುರ್ಗದವರ ಲೆಕ್ಕವನ್ನು ಅವರ ಕಡೆಯಿಂದ ಒಂದು ಸಲ ಹಾಕಿ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ 5.6%. ನೋಂದಣಿ ಶುಲ್ಕ ಮೊದಲು 1% ಇತ್ತು, 2025ರ ಆಗಸ್ಟ್ 31ರಿಂದ 2%. ಒಟ್ಟು 7.6%. ನಲವತ್ತೈದಕ್ಕೆ 3,42,000 ರೂಪಾಯಿ. ಅಂದರೆ ಅವರ ಕೈಬಿಟ್ಟು ಹೋಗುವುದು ನಲವತ್ತೆಂಟೂವರೆ ಹತ್ತಿರ ಹತ್ತಿರ. ಶುಲ್ಕದ ಹಣಕ್ಕೆ ಬ್ಯಾಂಕ್ ಸಾಲ ಸುಲಭವಲ್ಲ, ಕೈಯಿಂದ ಹಾಕಬೇಕು.

ಅಕ್ಕ: ನಾನು ಆ ಕಡೆಯಿಂದ ಯೋಚಿಸಿಯೇ ಇರಲಿಲ್ಲ. ಅವರು ನಮ್ಮನ್ನು ಕೆಳಗೆ ಹಾಕುತ್ತಿದ್ದಾರೆ ಅಂತಲೇ ಅಂದುಕೊಂಡೆ.

ಮಾವ: ಅವರಿಗೂ ಅಷ್ಟೇ ದಿಗಿಲು. ಜೀವನಕ್ಕೆ ಒಂದೇ ಸಲ ಕೊಳ್ಳುವವರು ಅವರು. ಈಗ ಮುಖ್ಯದ್ದನ್ನು ಕೇಳುತ್ತೇನೆ. ಇ-ಖಾತೆ ಯಾರ ಹೆಸರಲ್ಲಿದೆ?

ತಮ್ಮ: ಮಾಡಿಸಿಲ್ಲ. ನಗರಸಭೆಯಲ್ಲಿ ಹಳೆಯ ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಗಿರಾಕಿ ಕುದುರಿದ ಮೇಲೆ ಮಾಡಿಸೋಣ ಅಂತ…

ಮಾವ: ಇಷ್ಟು ತಿಂಗಳು ಮಾರುಕಟ್ಟೆ ಬಿದ್ದಿದೆ, ಜನರ ಕೈಯಲ್ಲಿ ದುಡ್ಡಿಲ್ಲ ಅಂತ ಕೊರಗಿದಿರಿ. ಯಾರಾದರೂ ಐವತ್ತೆಂಟು ಲಕ್ಷ ಹಿಡಿದು ಬಂದಿದ್ದರೂ ನೀವು ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ಸಂತೆಯಲ್ಲಿ ಕೊಳ್ಳುವವರಿಲ್ಲ ಅನ್ನುವುದು ನಿಜ. ಆದರೆ ಮಾರುವವರೂ ಇನ್ನೂ ಸಂತೆಗೆ ಬಂದಿಲ್ಲ.

ಅಕ್ಕ: ಆ ಖಾತೆಯಿಂದ ಅಪ್ಪನ ಹೆಸರು ತೆಗೆಸಲು ನನಗೆ ಮನಸ್ಸು ಬರಲಿಲ್ಲ ಮಾವ. ಇವನು ಎರಡು ಸಲ ಕೇಳಿದ, ನಾನೇ ಮುಂದಕ್ಕೆ ಹಾಕಿದೆ.

ಮಾವ: ಅದೇ ನಿಜವಾದ ಕಾರಣ ಅಂತ ನನಗನ್ನಿಸಿತ್ತು. ಮನಸ್ಸು ಬಾರದಿದ್ದರೆ ಮಾರಬೇಡ, ಅದೂ ಸರಿಯೇ. ಇವನ ಪಾಲಿನ ಹಣ ಕೊಟ್ಟು ಹಕ್ಕು ಖುಲಾಸೆ ಬರೆಸಿಕೋ, ಮನೆ ನಿನ್ನದು. ಮಾರುವುದಾದರೆ ಮಾರು. ಮಾರುತ್ತೇನೆ ಅಂತ ಬೋರ್ಡು ಕಟ್ಟಿ, ಯಾರೂ ಕೊಡಲಾರದ ಬೆಲೆ ಹೇಳಿ, ಮನೆ ಉಳಿಯಿತಲ್ಲ ಅಂತ ಒಳಗೊಳಗೇ ಸಮಾಧಾನ ಪಡುವುದು ಮಾತ್ರ ಬೇಡ. ಅದರ ಬಡ್ಡಿ ಈ ಹುಡುಗ ಕಟ್ಟುತ್ತಿದ್ದಾನೆ.

ಅಕ್ಕ: ಕೊಂಡುಕೊಳ್ಳುವ ಶಕ್ತಿ ನನಗಿಲ್ಲ. ಮಾರೋಣ. ಹೊಸದುರ್ಗದವರಿಗೆ ನಾನೇ ಫೋನ್ ಮಾಡುತ್ತೇನೆ. ಬೋರಿನ ವಿಷಯ ಮೊದಲು, ಬೆಲೆ ಆಮೇಲೆ. ನಲವತ್ತೆಂಟು ಕೇಳುತ್ತೇನೆ, ನಲವತ್ತೇಳಕ್ಕೆ ಬಂದರೆ ಒಪ್ಪುತ್ತೇನೆ. ಪತ್ರ ಆಗುವವರೆಗೆ ಇವನ ಬಡ್ಡಿಯಲ್ಲಿ ಅರ್ಧ ನನ್ನದು, ಈ ತಿಂಗಳಿಂದಲೇ.

ತಮ್ಮ: ಅವರು ಆಗುವುದಿಲ್ಲ ಅಂದರೆ ಮಾವ?

ಮಾವ: ಅಂದರೆ ಅದು ಅವರ ಹಣದ ಮಾತು, ನಿಮ್ಮ ಅಪ್ಪನ ಬಗ್ಗೆ ಆಡಿದ ಮಾತಲ್ಲ. ಮನೆ ಬಾಡಿಗೆಗೆ ಕೊಡಿ, ಬಂದದ್ದು ಬಡ್ಡಿಗೆ ಹೋಗಲಿ. ಅಪ್ಪ ಅಮ್ಮ ಇಬ್ಬರ ಮರಣ ಪ್ರಮಾಣಪತ್ರ, ವಂಶವೃಕ್ಷ, ಮೂಲ ಕ್ರಯಪತ್ರ, ಕಂದಾಯದ ರಸೀದಿ ತೆಗೆದಿಟ್ಟುಕೊಂಡು ನಾಳೆ ಇಬ್ಬರೂ ನಗರಸಭೆಗೆ ಹೋಗಿ. ಇ-ಖಾತೆ ನಿಮ್ಮ ಹೆಸರಿಗೆ ಆಗದೆ ಈ ಮನೆ ಯಾವ ಬೆಲೆಗೂ ನೋಂದಣಿ ಆಗುವುದಿಲ್ಲ.